ಸಹರಿಗೆ ನುಂಗಿದ ಮಾತ್ರೆ ಹಗಲಿಡೀ ಏನು ಮಾಡುತ್ತದೆ?

ರಜಬ್ ಚಂದ್ರ ಕಂಡ ಮೇಲೆ ನಮ್ಮ ಮನೆಗಳಲ್ಲಿ ರಮಝಾನ್ ಮಾತು ಶುರುವಾಗುತ್ತದೆ. ಈಗಂತೂ ಸಕ್ಕರೆ ಕಾಯಿಲೆ, ಬಿಪಿ ಇಲ್ಲದ ಮನೆ ಹುಡುಕಬೇಕು. ಹಿರಿಯರಿಗೆ ನೋಂಬು ಬಿಡಲು ಮನಸ್ಸಿಲ್ಲ, ಮಾತ್ರೆ ಬಿಡುವ ಹಾಗಿಲ್ಲ. ಮಂಗಳೂರಿನ ಕಡೆಯಿಂದ ಘಟ್ಟ ಹತ್ತಿ ಬಂದು ನೆಲೆಸಿದ ಬ್ಯಾರಿ ಮನೆಗಳಲ್ಲೂ ಇದೇ ಕಥೆ, ಇಲ್ಲಿ ಕಾನಸೂರಿನ ಸುತ್ತಮುತ್ತಲೂ ಇದೇ ಕಥೆ. ಆಗ ಮದ್ರಸದ ಉಸ್ತಾದರ ಹತ್ತಿರ ಒಂದು ಪ್ರಶ್ನೆ ಬರುತ್ತದೆ. ದಿನಕ್ಕೆ ಎರಡು ಮೂರು ಸಲ ನುಂಗುವ ಮಾತ್ರೆಯನ್ನು ಡಾಕ್ಟರು ಬದಲಿಸಿ, ನಿಧಾನವಾಗಿ ಬಿಡುಗಡೆಯಾಗುವ ಒಂದೇ ಮಾತ್ರೆ ಕೊಟ್ಟಿದ್ದಾರೆ. ಅದನ್ನು ಸಹರಿಗೆ ನುಂಗಿದರೆ ಮಧ್ಯಾಹ್ನದವರೆಗೂ ಹೊಟ್ಟೆಯಲ್ಲಿ ಮದ್ದು ಬಿಡುತ್ತಲೇ ಇರುತ್ತದಂತೆ. ಹಾಗಾದರೆ ನೋಂಬು ಏನಾಯಿತು?

ಇದು ದಡ್ಡ ಪ್ರಶ್ನೆಯಲ್ಲ, ಒಳ್ಳೆಯ ಪ್ರಶ್ನೆ. ಉತ್ತರ ಸುಲಭ. ಫಜ್ರ್‌ಗೆ ಮುಂಚೆ ಒಳಗೆ ಹೋದದ್ದು ಒಳಗೇ ಕರಗುತ್ತಿದ್ದರೆ ನೋಂಬು ಮುರಿಯುವುದಿಲ್ಲ. ಸಹರಿಗೆ ಉಂಡ ಅನ್ನವೂ ಬೆಳಗಿನ ಹೊತ್ತಿನಲ್ಲಿ ಹೊಟ್ಟೆಯಲ್ಲಿ ಕರಗುತ್ತಲೇ ಇರುತ್ತದಲ್ಲವೇ? ನೋಂಬಿನ ಹೊತ್ತಿನಲ್ಲಿ ಹೊಸದಾಗಿ ಒಳಗೆ ಹೋಗುವುದರ ಮೇಲೆ ಹುಕುಂ, ಮೊದಲೇ ಹೋದದ್ದರ ಮೇಲೆ ಅಲ್ಲ. ಚರ್ಮಕ್ಕೆ ಅಂಟಿಸುವ ಮದ್ದಿನ ಪಟ್ಟಿ, ಹಚ್ಚುವ ಮುಲಾಮು ಇವುಗಳ ಬಗ್ಗೆಯೂ 1997ರಲ್ಲಿ ಜಿದ್ದಾದಲ್ಲಿ ನಡೆದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿಯ ಸಭೆ ನಿರ್ಣಯ ಕೊಟ್ಟಿದೆ. ಚರ್ಮದ ಮೂಲಕ ಹೀರಿಕೊಳ್ಳುವಂಥವು ನೋಂಬನ್ನು ಮುರಿಯುವುದಿಲ್ಲ ಎಂಬುದು ಅದರ ಸಾರ. ಶಕ್ತಿಗಾಗಿ ಕೊಡುವ ಪೋಷಕಾಂಶದ ಡ್ರಿಪ್, ಇಂಜೆಕ್ಷನ್‌ಗಳನ್ನು ಬಿಟ್ಟು ಉಳಿದ ಇಂಜೆಕ್ಷನ್‌ಗಳಿಗೂ ಅದೇ ನಿರ್ಣಯ.

ಫಿಕ್ಹ್‌ನ ಮಾತು ಅಲ್ಲಿಗೆ ಮುಗಿಯಿತು. ಆದರೆ ಇದರ ಹಿಂದೆ ಇನ್ನೊಂದು ಪ್ರಶ್ನೆ ಉಂಟು, ಅದನ್ನು ಯಾರೂ ಕೇಳುವುದಿಲ್ಲ. ಮಾತ್ರೆ ನಿಧಾನವಾಗಿಯೇ ಕರಗುತ್ತದೆ ಎಂದು ಹೇಳುವವರಿಗೆ ಅದು ಗೊತ್ತಾದದ್ದು ಹೇಗೆ? ಹೊಟ್ಟೆಯೊಳಗೆ ಯಾರು ಇಣುಕಿದರು? ಒಂದು ತಾಸಿಗೆ ಎಷ್ಟು ಮದ್ದು ಹೊರಗೆ ಬಂತು, ಮೂರು ತಾಸಿಗೆ ಎಷ್ಟು ಎಂದು ಲೆಕ್ಕ ಹಾಕಿದವರು ಯಾರು? ನಮ್ಮ ಉಮ್ಮ, ಉಪ್ಪ ಇಡೀ ದಿನದ ನೋಂಬನ್ನು ಆ ಲೆಕ್ಕದ ಮೇಲೆ ಭರವಸೆ ಇಟ್ಟು ಹಿಡಿಯುತ್ತಾರೆ. ಅದಕ್ಕೆ ಈ ವಾರ ಆ ಲೆಕ್ಕದ ಬಗ್ಗೆಯೇ ನಾಲ್ಕು ಮಾತು.

ಚೊಗರು ಕಲಿಸುವ ಪಾಠ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಕೆಂಪಡಿಕೆ ಮಾಡುವುದನ್ನು ನೋಡಿದವರಿಗೆ ಈ ವಿಜ್ಞಾನ ಅರ್ಧ ಗೊತ್ತಿದ್ದ ಹಾಗೆಯೇ. ಎಳೆ ಅಡಿಕೆ ಸುಲಿದು ಹಂಡೆಯಲ್ಲಿ ಬೇಯಿಸುತ್ತಾರೆ. ಅಡಿಕೆಯ ಒಗರು ನಿಧಾನವಾಗಿ ನೀರಿಗೆ ಬಿಡುತ್ತದೆ, ನೀರು ಮೊದಲು ತೆಳು ಕೆಂಪು, ಆಮೇಲೆ ಗಾಢ ಕೆಂಪು. ಅದೇ ಚೊಗರು. ಅನುಭವಸ್ಥರು ಚೊಗರಿನ ಬಣ್ಣ ನೋಡಿಯೇ ಅಡಿಕೆ ಎಷ್ಟು ಬಿಟ್ಟಿದೆ, ಇನ್ನೂ ಎಷ್ಟು ಬತ್ತಿಸಬೇಕು ಎಂದು ಹೇಳಿಬಿಡುತ್ತಾರೆ. ಇಫ್ತಾರ್‌ಗೆ ಮುರುಗಲು ಶರಬತ್ತು ಮಾಡುವ ಹೆಂಗಸರಿಗೂ ಅಷ್ಟೇ. ಲೋಟ ಎತ್ತಿ ಬೆಳಕಿಗೆ ಹಿಡಿದರೆ ನೀರು ಹೆಚ್ಚಾಯಿತೋ, ಹುಳಿ ಹೆಚ್ಚಾಯಿತೋ ಕಣ್ಣಿಗೇ ಗೊತ್ತಾಗುತ್ತದೆ.

ಇಲ್ಲಿ ಆಗುವುದು ಇಷ್ಟೇ. ನೀರಿನಲ್ಲಿ ಕರಗಿದ ವಸ್ತು ತನ್ನ ಮೂಲಕ ಹಾದುಹೋಗುವ ಬೆಳಕಿನಲ್ಲಿ ಸ್ವಲ್ಪವನ್ನು ನುಂಗುತ್ತದೆ. ವಸ್ತು ಹೆಚ್ಚಿದ್ದಷ್ಟೂ ನುಂಗುವುದು ಹೆಚ್ಚು. ಫ್ರಾನ್ಸಿನ ಪಿಯೇರ್ ಬೂಗೇರ್ 1729ರಲ್ಲಿ, ಲ್ಯಾಂಬರ್ಟ್ 1760ರಲ್ಲಿ, ಜರ್ಮನಿಯ ಆಗಸ್ಟ್ ಬಿಯರ್ 1852ರಲ್ಲಿ ಇದನ್ನು ಹಂತ ಹಂತವಾಗಿ ಲೆಕ್ಕಕ್ಕೆ ತಂದರು. ಇಂದಿಗೂ ಪಿಯುಸಿ, ಡಿಗ್ರಿ ಮಕ್ಕಳು ಅದನ್ನು ಬಿಯರ್–ಲ್ಯಾಂಬರ್ಟ್ ನಿಯಮ ಎಂದು ಓದುತ್ತಾರೆ. ಒಂದು ದ್ರಾವಣದ ಮೂಲಕ ಹತ್ತರಲ್ಲಿ ಒಂದು ಪಾಲು ಬೆಳಕು ಮಾತ್ರ ಹಾದುಹೋದರೆ ಅದರ ಹೀರಿಕೆ 1. ವಸ್ತುವಿನ ಸಾಂದ್ರತೆ ಎರಡು ಪಟ್ಟಾದರೆ ನೂರರಲ್ಲಿ ಒಂದು ಪಾಲು ಬೆಳಕು ಮಾತ್ರ ಹೊರಬರುತ್ತದೆ, ಹೀರಿಕೆ 2. ಅಂದರೆ ಹೀರಿಕೆಯ ಅಂಕಿ ವಸ್ತುವಿನ ಪ್ರಮಾಣದ ಜೊತೆಜೊತೆಗೇ ಏರುತ್ತದೆ. ಕಣ್ಣಂದಾಜು ಹೋಗಿ ಅಳತೆ ಬಂತು.

ಬೆಳಕಿನ ಲೆಕ್ಕದ ಮೂಲ ಹುಡುಕಿದರೆ ಇನ್ನೂ ಹಿಂದೆ ಹೋಗಬೇಕು. ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಇಬ್ನುಲ್ ಹೈಸಮ್ ಸುಮಾರು ಸಾವಿರ ವರ್ಷಗಳ ಹಿಂದೆ ‘ಕಿತಾಬುಲ್ ಮನಾಝಿರ್’ ಬರೆದರು. ಬೆಳಕು ನೇರ ಗೆರೆಯಲ್ಲಿ ಸಾಗುತ್ತದೆ, ವಸ್ತುವಿನಿಂದ ಬಂದ ಬೆಳಕು ಕಣ್ಣಿಗೆ ಬಿದ್ದಾಗ ನಾವು ನೋಡುತ್ತೇವೆ ಎಂಬುದನ್ನು ಅವರು ಬರೀ ವಾದ ಮಾಡಿ ಹೇಳಲಿಲ್ಲ, ಪ್ರಯೋಗ ಮಾಡಿ ತೋರಿಸಿದರು. ನೋಡದೆ ಒಪ್ಪಬೇಡ, ಅಳೆಯದೆ ಹೇಳಬೇಡ ಎಂಬ ಆ ದಾರಿಯಲ್ಲೇ ಇಂದಿನ ಪ್ರಯೋಗಾಲಯವೂ ನಡೆಯುತ್ತದೆ.

ಕಣ್ಣಿಗೆ ಕಾಣದ ಬಣ್ಣ

ಚೊಗರಿಗೆ ಬಣ್ಣ ಉಂಟು, ಸರಿ. ಮಾತ್ರೆಯ ಮದ್ದಿಗೆ ಬಣ್ಣ ಎಲ್ಲಿಂದ? ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ನೀರಿಗೆ ಹಾಕಿದರೆ ನೀರು ನೀರಿನ ಹಾಗೆಯೇ ಇರುತ್ತದೆ. ಇಲ್ಲಿಯೇ ಅತಿನೇರಳೆ ಬೆಳಕು ಕೆಲಸಕ್ಕೆ ಬರುವುದು. ನಮ್ಮ ಕಣ್ಣು ಸುಮಾರು 400ರಿಂದ 750 ನ್ಯಾನೋಮೀಟರ್ ವರೆಗಿನ ಬೆಳಕನ್ನು ಮಾತ್ರ ಕಾಣುತ್ತದೆ. ಅದಕ್ಕಿಂತ ಕೆಳಗೆ ಅತಿನೇರಳೆ ಇದೆ ಎಂದು 1801ರಲ್ಲಿ ಜರ್ಮನಿಯ ರಿಟ್ಟರ್ ಕಂಡುಹಿಡಿದರು. ನಮ್ಮ ಕಣ್ಣಿಗೆ ಬಣ್ಣವಿಲ್ಲದ ಎಷ್ಟೋ ಮದ್ದುಗಳು ಆ ಬೆಳಕಿನಲ್ಲಿ ‘ಬಣ್ಣ’ ಉಳ್ಳವು. ಮೆಟ್‌ಫಾರ್ಮಿನ್ 233 ನ್ಯಾನೋಮೀಟರ್ ಹತ್ತಿರ ಬೆಳಕನ್ನು ಜೋರಾಗಿ ನುಂಗುತ್ತದೆ. ಪ್ಯಾರಾಸಿಟಮಾಲ್ 243ರ ಆಸುಪಾಸಿನಲ್ಲಿ. ಒಂದೊಂದು ಮದ್ದಿಗೆ ಒಂದೊಂದು ಜಾಗ.

ಇದನ್ನು ಅಳೆಯುವ ಯಂತ್ರದ ಹೆಸರು ಸ್ಪೆಕ್ಟ್ರೋಫೋಟೋಮೀಟರ್. ಹೆಸರು ದೊಡ್ಡದು, ಕೆಲಸ ಸರಳ. ಒಳಗೆ ಎರಡು ದೀಪ. ಅತಿನೇರಳೆಗೆ ಡ್ಯೂಟೀರಿಯಂ ದೀಪ, ಕಾಣುವ ಬೆಳಕಿಗೆ ಟಂಗ್‌ಸ್ಟನ್ ದೀಪ. ಬೆಳಕನ್ನು ಮಳೆಬಿಲ್ಲಿನ ಹಾಗೆ ಬಿಡಿಸಿ, ಬೇಕಾದ ಒಂದು ಎಳೆಯನ್ನು ಮಾತ್ರ ಆರಿಸಿ, ಒಂದು ಸೆಂಟಿಮೀಟರ್ ಅಗಲದ ಚೌಕ ಪಾತ್ರೆಯಲ್ಲಿರುವ ದ್ರಾವಣದ ಮೂಲಕ ಕಳಿಸುತ್ತಾರೆ. ಆಚೆ ಕಡೆ ಎಷ್ಟು ಬೆಳಕು ಬಂತು ಎಂದು ಯಂತ್ರ ಅಳೆಯುತ್ತದೆ. ಆ ಪಾತ್ರೆ ಮಾಮೂಲಿ ಗಾಜಿನದಲ್ಲ, ಕ್ವಾರ್ಟ್ಸಿನದು. ಗಾಜು ತಾನೇ ಅತಿನೇರಳೆಯನ್ನು ನುಂಗಿಬಿಡುತ್ತದೆ, ಆಗ ಲೆಕ್ಕವೆಲ್ಲ ಕೆಟ್ಟಿತು. ಇಂಥ ಯಂತ್ರ ಕೈಗೆಟಕುವಂತೆ ಮೊದಲು ಬಂದದ್ದು ಅಮೆರಿಕದ ಅರ್ನಾಲ್ಡ್ ಬೆಕ್‌ಮನ್ ಅವರ ಕಂಪನಿಯಿಂದ, 1941ರಲ್ಲಿ. ಅದಕ್ಕೆ ಮುಂಚೆ ವಾರಗಟ್ಟಲೆ ಹಿಡಿಯುತ್ತಿದ್ದ ವಿಟಮಿನ್ ಎ ಅಳತೆ ನಿಮಿಷಗಳ ಕೆಲಸವಾಯಿತು. ಇವತ್ತು ನಮ್ಮ ರಾಜ್ಯದ ಫಾರ್ಮಸಿ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಇದು ಮಾಮೂಲಿ ಯಂತ್ರ. ಮಣಿಪಾಲ, ದೇರಳಕಟ್ಟೆ, ಬೆಳಗಾವಿಯಲ್ಲಿ ಫಾರ್ಮಸಿ ಓದುವ ನಮ್ಮ ಮಕ್ಕಳನ್ನು ಕೇಳಿ, ಮೊದಲ ವರ್ಷಗಳಲ್ಲೇ ಇದರ ಮುಂದೆ ನಿಂತಿರುತ್ತಾರೆ.

ಗಾಜಿನ ಹೊಟ್ಟೆ

ಈಗ ಮಾತ್ರೆಗೆ ಬರೋಣ. ಒಬ್ಬರ ಹೊಟ್ಟೆಯೊಳಗೆ ಇಣುಕಲು ಆಗುವುದಿಲ್ಲ ಎಂದು ಪ್ರಯೋಗಾಲಯದಲ್ಲಿ ಒಂದು ಗಾಜಿನ ಹೊಟ್ಟೆ ಮಾಡಿಕೊಂಡಿದ್ದಾರೆ. ಗುಂಡು ತಳದ ಪಾತ್ರೆ, ಅದರಲ್ಲಿ ಹೆಚ್ಚಾಗಿ 900 ಮಿಲಿಲೀಟರ್ ದ್ರವ. ಶಾಖ ನಮ್ಮ ಮೈ ಶಾಖದಷ್ಟೇ, 37 ಡಿಗ್ರಿ, ಅರ್ಧ ಡಿಗ್ರಿಗಿಂತ ಹೆಚ್ಚು ಆಚೀಚೆ ಆದರೆ ಒಪ್ಪುವುದಿಲ್ಲ. ಒಂದು ಸಣ್ಣ ಹುಟ್ಟು ನಿಮಿಷಕ್ಕೆ 50ರಿಂದ 100 ಸುತ್ತು ತಿರುಗಿ ದ್ರವ ಕಲಕುತ್ತಿರುತ್ತದೆ. ಹೊಟ್ಟೆಯ ಪರೀಕ್ಷೆಯಾದರೆ ದ್ರವ ಹುಳಿ, ಅಂದರೆ ತೆಳು ಹೈಡ್ರೋಕ್ಲೋರಿಕ್ ಆಮ್ಲ. ಕರುಳಿನ ಪರೀಕ್ಷೆಯಾದರೆ 6.8 ಪಿಎಚ್‌ನ ಫಾಸ್ಫೇಟ್ ದ್ರಾವಣ.

ಮಾತ್ರೆಯನ್ನು ಅದಕ್ಕೆ ಹಾಕಿ ಗಡಿಯಾರ ಶುರು. ನಿಗದಿ ಮಾಡಿದ ಹೊತ್ತಿಗೆ ಸ್ವಲ್ಪ ದ್ರವ ತೆಗೆದು, ಸೋಸಿ, ಬೇಕಿದ್ದರೆ ನೀರು ಬೆರೆಸಿ ತೆಳು ಮಾಡಿ ಯಂತ್ರಕ್ಕೆ ಇಡುತ್ತಾರೆ. ತೆಗೆದಷ್ಟೇ ಹೊಸ ದ್ರವ ಪಾತ್ರೆಗೆ ಸೇರಿಸುತ್ತಾರೆ. ಮೊದಲೇ ಗೊತ್ತಿರುವ ಪ್ರಮಾಣದ ಮದ್ದಿನ ದ್ರಾವಣಗಳನ್ನು ಅಳೆದು ಒಂದು ಗೆರೆ ಬರೆದಿಟ್ಟಿರುತ್ತಾರೆ. ಅದು ತಕ್ಕಡಿಯ ಬಟ್ಟಿನ ಹಾಗೆ. ಹೊಸ ಅಂಕಿಯನ್ನು ಆ ಗೆರೆಗೆ ಹೋಲಿಸಿದರೆ ಮದ್ದು ಎಷ್ಟು ಎಂದು ಸಿಗುತ್ತದೆ.

ಒಂದು ಉದಾಹರಣೆ ಲೆಕ್ಕ ಮಾಡೋಣ, ಮಕ್ಕಳಿಗೂ ಹೇಳಿಕೊಡಬಹುದು. 500 ಮಿಲಿಗ್ರಾಂನ ನಿಧಾನ ಬಿಡುಗಡೆಯ ಮೆಟ್‌ಫಾರ್ಮಿನ್ ಮಾತ್ರೆ. ಮೆಟ್‌ಫಾರ್ಮಿನ್ ಒಂದು ಮಿಲಿಲೀಟರಿನಲ್ಲಿ ಒಂದು ಮೈಕ್ರೋಗ್ರಾಂ ಇದ್ದರೆ 233 ನ್ಯಾನೋಮೀಟರಿನಲ್ಲಿ ಹೀರಿಕೆ ಸುಮಾರು 0.08 ಬರುತ್ತದೆ. ಒಂದು ತಾಸಿಗೆ ತೆಗೆದ ದ್ರವವನ್ನು ನೂರು ಪಟ್ಟು ತೆಳು ಮಾಡಿ ಇಟ್ಟಾಗ ಯಂತ್ರ 0.13 ತೋರಿಸಿತು ಎನ್ನೋಣ. 0.13ನ್ನು 0.08ರಿಂದ ಭಾಗಿಸಿದರೆ 1.625. ನೂರರಿಂದ ಗುಣಿಸಿ, 900ರಿಂದ ಗುಣಿಸಿದರೆ ಸುಮಾರು 146 ಮಿಲಿಗ್ರಾಂ. ಅಂದರೆ ಮೊದಲ ತಾಸಿಗೆ ನೂರಕ್ಕೆ 29ರಷ್ಟು ಮದ್ದು ಹೊರಬಂದಿದೆ. ಮೂರನೇ ತಾಸಿಗೆ 0.23 ಬಂದರೆ ನೂರಕ್ಕೆ 52. ಹತ್ತನೇ ತಾಸಿಗೆ 0.40 ಬಂದರೆ ನೂರಕ್ಕೆ 90. ಸಹರಿಗೆ ನುಂಗಿದ ಮಾತ್ರೆ ಅಸರ್ ಹೊತ್ತಿಗೂ ಕೆಲಸ ಮಾಡುತ್ತದೆ ಎಂದು ಡಾಕ್ಟರು ಧೈರ್ಯವಾಗಿ ಹೇಳುವುದು ಇಂಥ ಅಂಕಿಗಳ ಮೇಲೆ, ಆಮೇಲೆ ಮನುಷ್ಯರ ರಕ್ತದಲ್ಲಿ ಮಾಡಿದ ಅಳತೆಗಳ ಮೇಲೆ.

ನಿಧಾನ ಬಿಡುಗಡೆಯ ಮದ್ದು ಮೊದಲು ದೊಡ್ಡ ರೀತಿಯಲ್ಲಿ ಮಾರುಕಟ್ಟೆಗೆ ಬಂದದ್ದು 1952ರಲ್ಲಿ, ಅಮೆರಿಕದಲ್ಲಿ. ಸಣ್ಣ ಸಣ್ಣ ಮಣಿಗಳಿಗೆ ಬೇರೆ ಬೇರೆ ದಪ್ಪದ ಲೇಪ ಕೊಟ್ಟು ಒಂದೇ ಕ್ಯಾಪ್ಸೂಲಿಗೆ ತುಂಬಿದ್ದರು. 1961ರಲ್ಲಿ ತಕೇರು ಹಿಗುಚಿ ಎಂಬ ವಿಜ್ಞಾನಿ ಒಂದು ಸೂತ್ರ ಕೊಟ್ಟರು. ಅಂಟಿನಂಥ ವಸ್ತುವಿನೊಳಗೆ ಸಿಕ್ಕಿಕೊಂಡ ಮದ್ದು ಹೊರಬರುವುದು ಹೊತ್ತಿನ ವರ್ಗಮೂಲಕ್ಕೆ ತಕ್ಕಂತೆ. ಒಂದು ತಾಸಿಗೆ ನೂರಕ್ಕೆ 20 ಬಂದರೆ ನಾಲ್ಕು ತಾಸಿಗೆ 40, ಒಂಬತ್ತು ತಾಸಿಗೆ 60. ಮೇಲಿನ ಮದ್ದು ಬೇಗ ಹೋಗುತ್ತದೆ, ಒಳಗಿನದಕ್ಕೆ ದಾರಿ ದೂರ.

ಕಡಲ ಪಾಚಿ, ಸಿಗಡಿ ಸಿಪ್ಪೆ, ಧಾರವಾಡದ ಕೆಲಸ

ಮದ್ದನ್ನು ಹಿಡಿದಿಟ್ಟುಕೊಂಡು ನಿಧಾನ ಬಿಡುವ ಆ ‘ಅಂಟು’ ಯಾವುದು? ಇದೇ ಈ ಕಥೆಯಲ್ಲಿ ಸ್ವಾರಸ್ಯದ ಭಾಗ. ಹೆಚ್ಚಿನವು ಪ್ರಕೃತಿಯಲ್ಲಿ ಅಲ್ಲಾಹು ಇಟ್ಟ ವಸ್ತುಗಳು. ಕಂದು ಬಣ್ಣದ ಕಡಲ ಪಾಚಿಯಿಂದ ಆಲ್ಜಿನೇಟ್. ಸಿಗಡಿ, ಏಡಿಯ ಸಿಪ್ಪೆಯಿಂದ ಕೈಟೋಸಾನ್. ಗೋರಿಕಾಯಿ ಜಾತಿಯ ಬೀಜದಿಂದ ಗೌರ್ ಗಮ್. ಹುಣಸೆ ಬೀಜದಿಂದ ಒಂದು ಅಂಟು. ಮರದ ತಿರುಳು, ಹತ್ತಿಯ ಸೆಲ್ಯುಲೋಸನ್ನು ಮಾರ್ಪಡಿಸಿ ಮಾಡುವ ಎಚ್‌ಪಿಎಂಸಿ. ಪ್ರಾಣಿಗಳ ಮೂಳೆ, ಚರ್ಮದಿಂದ ಜೆಲಟಿನ್. ಇವೆಲ್ಲ ನೀರು ಕುಡಿದು ಊದಿಕೊಳ್ಳುತ್ತವೆ. ಸೋಡಿಯಂ ಆಲ್ಜಿನೇಟಿನ ದ್ರಾವಣವನ್ನು ಹನಿಹನಿಯಾಗಿ ಕ್ಯಾಲ್ಸಿಯಂ ಕ್ಲೋರೈಡ್ ನೀರಿಗೆ ಬಿಟ್ಟರೆ ಹನಿ ಬಿದ್ದ ಕೂಡಲೇ ಗುಂಡು ಮಣಿಯಾಗಿ ಗಟ್ಟಿಯಾಗುತ್ತದೆ, ನೆನೆದ ಕಾಮಕಸ್ತೂರಿ ಬೀಜದ ಹಾಗೆ. ಮದ್ದನ್ನು ಮೊದಲೇ ಬೆರೆಸಿದ್ದರೆ ಅದು ಮಣಿಯೊಳಗೆ ಬಂದಿ.

ಇದರಲ್ಲಿ ಹೆಸರು ಮಾಡಿದ ಕೆಲಸ ನಮಗೆ ದೂರದಲ್ಲಿ ನಡೆದದ್ದಲ್ಲ. ಶಿರಸಿಯಿಂದ ಬಸ್ಸು ಹತ್ತಿದರೆ ಮೂರು ತಾಸಿನ ಆಸುಪಾಸಿನಲ್ಲಿ ಸಿಗುವ ಧಾರವಾಡ. ಅಲ್ಲಿಯ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪಾಲಿಮರ್ ವಿಜ್ಞಾನಿ ತೇಜರಾಜ್ ಅಮಿನಭಾವಿ ಮತ್ತು ಅವರ ಶಿಷ್ಯರು ಆಲ್ಜಿನೇಟ್, ಗೌರ್ ಗಮ್, ಜೆಲಟಿನ್, ಕೈಟೋಸಾನ್‌ನಂಥ ವಸ್ತುಗಳಲ್ಲಿ ಮದ್ದು ತುಂಬಿ, ಅದು ಎಷ್ಟು ಹೊತ್ತಿಗೆ ಎಷ್ಟು ಹೊರಬರುತ್ತದೆ ಎಂದು ವರ್ಷಗಟ್ಟಲೆ ಅಳೆದರು. ಆಲ್ಜಿನೇಟಿಗೆ ಜೆಲಟಿನ್ ಅಥವಾ ಮೊಟ್ಟೆಯ ಬಿಳಿ ಭಾಗದ ಪ್ರೋಟೀನು ಬೆರೆಸಿ ಮಣಿ ಮಾಡಿ, ಅದರಲ್ಲಿ ಸೆಫಾಡ್ರಾಕ್ಸಿಲ್ ಎಂಬ ಆಂಟಿಬಯಾಟಿಕ್ ತುಂಬಿ ಬಿಡುಗಡೆ ಅಳೆದ ಕೆಲಸ 2001ರಲ್ಲಿ ಪ್ರಕಟವಾಯಿತು. ಅದೇ ವರ್ಷ ಕುಮಾರೇಶ ಸೊಪ್ಪಿಮಠ, ಅಮಿನಭಾವಿ, ಕುಲಕರ್ಣಿ, ರುಡ್‌ಜಿನ್ಸ್‌ಕಿ ಸೇರಿ ಬರೆದ, ಮೈಯೊಳಗೆ ತಾನೇ ಕರಗಿಹೋಗುವ ಅತಿಸೂಕ್ಷ್ಮ ಕಣಗಳ ಬಗೆಗಿನ ಲೇಖನವನ್ನು ಈ ವಿಷಯದ ಮೇಲೆ ಕೆಲಸ ಮಾಡುವ ಜಗತ್ತಿನ ಸಾವಿರಾರು ಮಂದಿ ಉಲ್ಲೇಖಿಸಿದ್ದಾರೆ.

ತೋಟದವರಿಗೆ ಹಿಡಿಸುವ ಒಂದು ಮಾತೂ ಉಂಟು. ಅದೇ ಧಾರವಾಡದ ತಂಡ ಬೇವಿನ ಬೀಜದ ಎಣ್ಣೆಯನ್ನು ಆಲ್ಜಿನೇಟ್ ಮಣಿಯೊಳಗೆ ಸೇರಿಸಿ, ಮಣ್ಣಿಗೆ ಹಾಕುವ ಕೀಟನಾಶಕವಾಗಿ ಅದು ನಿಧಾನಕ್ಕೆ ಬಿಡುವ ಹಾಗೆ ಮಾಡಿ 2000ದಲ್ಲಿ ಪ್ರಕಟಿಸಿತು. ಹೊಟ್ಟೆಗೆ ಆಗಲಿ ತೋಟಕ್ಕೆ ಆಗಲಿ ಉಪಾಯ ಒಂದೇ. ಒಂದೇ ಸಲ ಸುರಿದು ಹಾಳು ಮಾಡಬೇಡ, ಬೇಕಾದಷ್ಟು ಬೇಕಾದ ಹೊತ್ತಿಗೆ ಸಿಗಲಿ.

ಯಂತ್ರ ಹೇಳುವುದು, ಹೇಳದೇ ಇರುವುದು

ಯಂತ್ರವನ್ನು ಕುರುಡಾಗಿ ನಂಬುವ ಹಾಗೂ ಇಲ್ಲ. ಅದಕ್ಕೆ ಗೊತ್ತಿರುವುದು ಬೆಳಕು ಕಡಿಮೆಯಾದದ್ದು ಮಾತ್ರ, ಯಾರು ನುಂಗಿದರು ಎಂದು ಗೊತ್ತಿಲ್ಲ. ಜೆಲಟಿನ್ ಪ್ರೋಟೀನು, ಅದೂ ಅತಿನೇರಳೆಯನ್ನು ನುಂಗುತ್ತದೆ. ಗಿಡದ ಅಂಟಿಗೆ ತನ್ನದೇ ಬಣ್ಣ ಇರುತ್ತದೆ. ದ್ರವ ಸರಿಯಾಗಿ ಸೋಸದೆ ಮಸುಕಾಗಿದ್ದರೆ ಕಣಗಳು ಬೆಳಕನ್ನು ಚದುರಿಸಿ, ಮದ್ದು ಹೆಚ್ಚು ಬಂದ ಹಾಗೆ ಸುಳ್ಳು ಅಂಕಿ ತೋರಿಸುತ್ತವೆ. ಅದಕ್ಕೇ ಮದ್ದಿಲ್ಲದ ಖಾಲಿ ಮಣಿಯನ್ನು ಅದೇ ದ್ರವದಲ್ಲಿ ಇಟ್ಟು, ಅದರ ಅಂಕಿಯನ್ನು ಕಳೆಯುತ್ತಾರೆ. ಆಗಲೂ ಸಂಶಯವಿದ್ದರೆ ವಸ್ತುಗಳನ್ನು ಬೇರೆ ಬೇರೆ ಮಾಡಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರಕ್ಕೆ ಹೋಗುತ್ತಾರೆ. ಎರಡು ಸಾಕ್ಷಿ ಕೇಳುವುದು ನಮ್ಮ ದೀನ್‌ನಲ್ಲೂ ಇರುವ ಪದ್ಧತಿಯೇ.

ಜೆಲಟಿನ್ ಮಾತು ಬಂದಾಗ ಹಲಾಲ್ ಪ್ರಶ್ನೆ ಬಂದೇ ಬರುತ್ತದೆ. ಕ್ಯಾಪ್ಸೂಲಿನ ಜೆಲಟಿನ್ ಯಾವ ಪ್ರಾಣಿಯದು ಎಂದು ಡಬ್ಬಿಯ ಮೇಲೆ ಹೆಚ್ಚಾಗಿ ಬರೆದಿರುವುದಿಲ್ಲ. ಈ ಬೆಳಕಿನ ಯಂತ್ರವೂ ಅದನ್ನು ಹೇಳುವುದಿಲ್ಲ, ಅದಕ್ಕೆ ಡಿಎನ್‌ಎ ಪರೀಕ್ಷೆಯಂಥ ಬೇರೆ ದಾರಿ ಬೇಕು. 1995ರಲ್ಲಿ ಕುವೈತಿನಲ್ಲಿ ಇಸ್ಲಾಮಿಕ್ ವೈದ್ಯಕೀಯ ಸಂಸ್ಥೆ ನಡೆಸಿದ ಸಭೆ, ವಸ್ತು ಪೂರ್ತಿಯಾಗಿ ಬೇರೆಯೇ ವಸ್ತುವಾಗಿ ಮಾರ್ಪಟ್ಟರೆ ಹುಕುಂ ಬದಲಾಗುತ್ತದೆ ಎಂಬ ಅಭಿಪ್ರಾಯ ತಳೆದಿತ್ತು. ನಾವು ಅನುಸರಿಸುವ ಶಾಫಿಈ ಮದ್‌ಹಬ್ ಈ ವಿಷಯದಲ್ಲಿ ಇನ್ನೂ ಬಿಗಿ. ಹಾಗೆಂದು ಡಾಕ್ಟರು ಬರೆದ ಮದ್ದನ್ನು ಮನೆಯಲ್ಲೇ ತೀರ್ಮಾನಿಸಿ ಬಿಸಾಡಬೇಡಿ. ಅದೇ ಮದ್ದು ಮಾತ್ರೆಯಲ್ಲಿ ಅಥವಾ ಸಸ್ಯಮೂಲದ ಎಚ್‌ಪಿಎಂಸಿ ಕ್ಯಾಪ್ಸೂಲಿನಲ್ಲಿ ಸಿಗುತ್ತದೆಯೇ ಎಂದು ಕೇಳಿ. ಸಿಗದಿದ್ದರೆ ನಿಮ್ಮ ಖತೀಬರನ್ನು, ಡಾಕ್ಟರನ್ನು ಇಬ್ಬರನ್ನೂ ಕೇಳಿ. ಅನಿವಾರ್ಯದ ಹುಕುಂ ಬೇರೆ ಇದೆ. ಇನ್ನು ಸಿಗಡಿ ಸಿಪ್ಪೆಯ ಕೈಟೋಸಾನ್ ಬಗ್ಗೆ ನಮ್ಮ ಮದ್‌ಹಬ್‌ನಲ್ಲಿ ಚಿಂತೆಯಿಲ್ಲ, ಸಿಗಡಿ ನಮ್ಮ ಊಟದ ತಟ್ಟೆಯಲ್ಲೇ ಉಂಟಲ್ಲ.

ಅಳತೆ ತಪ್ಪಿದರೆ

ಇಷ್ಟೆಲ್ಲ ಅಳತೆ ಯಾಕೆ, ಮದ್ದಿನ ತೂಕ ಸರಿಯಿದ್ದರೆ ಸಾಲದೇ ಎಂದು ಕೇಳಬಹುದು. ಸಾಲದು ಎಂದು ಜಗತ್ತು ಕಷ್ಟಪಟ್ಟು ಕಲಿತಿದೆ. 1968ರಲ್ಲಿ ಆಸ್ಟ್ರೇಲಿಯಾದಲ್ಲಿ ಫಿಟ್ಸ್ ಕಾಯಿಲೆಯ ಫೆನಿಟಾಯಿನ್ ಕ್ಯಾಪ್ಸೂಲಿನಲ್ಲಿ ಮದ್ದಿನ ತೂಕ ಬದಲಿಸಿರಲಿಲ್ಲ. ಜೊತೆಗೆ ತುಂಬುವ ಪುಡಿಯನ್ನು ಮಾತ್ರ ಬದಲಿಸಿದರು, ಕ್ಯಾಲ್ಸಿಯಂ ಸಲ್ಫೇಟ್ ಬದಲು ಲ್ಯಾಕ್ಟೋಸ್. ಅಷ್ಟಕ್ಕೇ ಮದ್ದು ಹೆಚ್ಚು ಹೆಚ್ಚು ರಕ್ತಕ್ಕೆ ಸೇರಿ ರೋಗಿಗಳಲ್ಲಿ ವಿಷದ ಲಕ್ಷಣ ಕಂಡುಬಂತು. 1971ರಲ್ಲಿ ಅಮೆರಿಕದಲ್ಲಿ ಹೃದಯದ ಡಿಗಾಕ್ಸಿನ್ ಮಾತ್ರೆಗಳನ್ನು ಹೋಲಿಸಿದಾಗ, ಒಂದೇ ತೂಕದ ಮಾತ್ರೆಗಳು ಕೊಟ್ಟ ರಕ್ತದ ಮಟ್ಟದಲ್ಲಿ ಏಳು ಪಟ್ಟಿನವರೆಗೆ ವ್ಯತ್ಯಾಸ ಸಿಕ್ಕಿತು. ಮಾತ್ರೆಯ ಮೇಲೆ ಬರೆದ ಅಂಕಿ ಒಳಗೆ ಎಷ್ಟಿದೆ ಎಂದು ಹೇಳುತ್ತದೆ. ಮೈಗೆ ಎಷ್ಟು ಸಿಗುತ್ತದೆ ಎಂಬುದಕ್ಕೆ ಕರಗುವಿಕೆ ನೋಡಬೇಕು.

ನಮ್ಮ ದೇಶದಲ್ಲಿ ಭಾರತೀಯ ಫಾರ್ಮಕೋಪಿಯಾ ಎಂಬ ಪುಸ್ತಕ ಇದಕ್ಕೆಲ್ಲ ಪ್ರಮಾಣ, ಅದರ ಮೊದಲ ಆವೃತ್ತಿ ಬಂದದ್ದು 1955ರಲ್ಲಿ. ಮಾತ್ರೆಯ ಹೆಸರಿನ ಮುಂದೆ ಐಪಿ ಎಂಬ ಎರಡಕ್ಷರ ಇದ್ದರೆ ಆ ಪುಸ್ತಕದ ಅಳತೆಗೆ ಅದು ಬದ್ಧ. ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ಪ್ರತಿ ತಿಂಗಳು ಗುಣಮಟ್ಟ ಇಲ್ಲದ ಮದ್ದುಗಳ ಪಟ್ಟಿ ಹೊರಡಿಸುತ್ತದೆ. ಅದರಲ್ಲಿ ಮತ್ತೆ ಮತ್ತೆ ಕಾಣುವ ಕಾರಣಗಳಲ್ಲಿ ಒಂದು, ಕರಗುವಿಕೆಯ ಪರೀಕ್ಷೆಯಲ್ಲಿ ಫೇಲು. ಬೆಲೆ ಕಡಿಮೆಯ ಜನೌಷಧಿ ಮಾತ್ರೆ ಕೆಲಸ ಮಾಡುತ್ತದೋ ಇಲ್ಲವೋ ಎಂದು ಪೇಟೆಯಲ್ಲಿ ವಾದ ಮಾಡುವುದಕ್ಕಿಂತ ಈ ಪರೀಕ್ಷೆ ಮುಖ್ಯ. ಬೆಲೆ ಏನೇ ಇರಲಿ, ದುಬಾರಿ ಕಂಪನಿಯದೇ ಇರಲಿ, ಪರೀಕ್ಷೆಯಲ್ಲಿ ಪಾಸಾದದ್ದು ಮದ್ದು.

ನಮ್ಮ ಮಳೆ, ನಮ್ಮ ಮಾತ್ರೆ ಡಬ್ಬಿ

ಪ್ರಯೋಗಾಲಯದಲ್ಲಿ ಪಾಸಾದ ಮದ್ದನ್ನು ನಾವು ಮನೆಯಲ್ಲಿ ಫೇಲು ಮಾಡಬಹುದು. ಜೂನಿನಿಂದ ಸೆಪ್ಟೆಂಬರ್ ವರೆಗೆ ಕಾನಸೂರಿನ ಕಡೆ ಗೋಡೆಯೂ ಬೆವರುತ್ತದೆ, ಉಪ್ಪು ನೀರಾಗುತ್ತದೆ, ಮುಸಲ್ಲಾ ಒಣಗುವುದಿಲ್ಲ. ಕರಾವಳಿಯಲ್ಲಿ ವರ್ಷವಿಡೀ ಸೆಕೆ, ತೇವ. ಮದ್ದು ಬೆಚ್ಚಗಿರಲಿ ಎಂದು ಕೆಲವರು ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಾರೆ. ಜೆಲಟಿನ್ ಕ್ಯಾಪ್ಸೂಲಿಗೆ ಶಾಖ ಮತ್ತು ತೇವ ಎರಡೂ ಒಟ್ಟಿಗೆ ಶತ್ರು. ಹಾಗೆ ಬಹಳ ದಿನ ಇದ್ದರೆ ಜೆಲಟಿನ್ನಿನ ಎಳೆಗಳು ಒಂದಕ್ಕೊಂದು ಗಂಟು ಹಾಕಿಕೊಂಡು, ಕ್ಯಾಪ್ಸೂಲಿನ ಸುತ್ತ ನೀರಿಗೆ ಕರಗದ ತೆಳು ಪೊರೆ ಆಗುತ್ತದೆ. ಗಾಜಿನ ಹೊಟ್ಟೆಗೆ ಹಾಕಿದರೆ ಮದ್ದು ಹೊರಬರುವುದು ತಡವಾಗುತ್ತದೆ, ಯಂತ್ರದ ಅಂಕಿ ಏರುವುದಿಲ್ಲ. ಆಗ ಪರೀಕ್ಷಕರು ಪೆಪ್ಸಿನ್ ಎಂಬ ಹೊಟ್ಟೆಯ ಕಿಣ್ವ ಸೇರಿಸಿ ಮತ್ತೆ ನೋಡುತ್ತಾರೆ. ನಮ್ಮ ಹೊಟ್ಟೆಯಲ್ಲಿ ಆ ಕಿಣ್ವ ಇರುವುದು ಅಲ್ಲಾಹುವಿನ ಕೃಪೆ, ಆದರೆ ಅದರ ಮೇಲೆ ಭಾರ ಹಾಕಿ ಮದ್ದನ್ನು ಕೆಡಿಸುವುದು ಬುದ್ಧಿವಂತಿಕೆಯಲ್ಲ. ಮಾತ್ರೆಗಳನ್ನು ಅದರದೇ ಪಟ್ಟಿಯಲ್ಲಿ, ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ, ಒಲೆ, ಬಚ್ಚಲಿನಿಂದ ದೂರ ಇಡಿ. ಇಡೀ ರಮಝಾನಿನ ಮಾತ್ರೆ ಬಿಡಿಸಿ ಒಂದೇ ಪ್ಲಾಸ್ಟಿಕ್ ಚೀಲಕ್ಕೆ ತುಂಬುವ ಅಭ್ಯಾಸ ಬೇಡ.

ರಮಝಾನಿಗೆ ಮುಂಚೆ ಮಾಡಬೇಕಾದ್ದು

ಮೊದಲನೆಯದು, ನಿಧಾನ ಬಿಡುಗಡೆಯ ಮಾತ್ರೆಯನ್ನು ಗುರುತಿಸಿ. ಹೆಸರಿನ ಕೊನೆಗೆ ಎಸ್‌ಆರ್, ಇಆರ್, ಎಕ್ಸ್‌ಆರ್, ಪಿಆರ್ ಎಂಬ ಅಕ್ಷರಗಳಿರುತ್ತವೆ. ಇವನ್ನು ಅಗಿಯಬಾರದು, ಪುಡಿ ಮಾಡಿ ಗಂಜಿಗೆ ಬೆರೆಸಬಾರದು, ಡಾಕ್ಟರು ಅಥವಾ ಫಾರ್ಮಸಿಯವರು ಹೇಳದೆ ತುಂಡು ಮಾಡಬಾರದು. ಹತ್ತು ತಾಸಿಗೆ ಹಂಚಬೇಕಾದ ಮದ್ದು ಪುಡಿ ಮಾಡಿದರೆ ಒಂದೇ ಸಲ ಮೈಗೆ ಬೀಳುತ್ತದೆ, ಸಂಜೆಯ ಹೊತ್ತಿಗೆ ಏನೂ ಉಳಿದಿರುವುದಿಲ್ಲ. ನುಂಗಲು ಕಷ್ಟಪಡುವ ಹಿರಿಯರು ಮನೆಯಲ್ಲಿದ್ದರೆ ಡಾಕ್ಟರಿಗೆ ಹೇಳಿ, ಬೇರೆ ರೂಪದ ಮದ್ದು ಕೊಡುತ್ತಾರೆ.

ಎರಡನೆಯದು, ಕೆಲವರು ಮಲದಲ್ಲಿ ಮಾತ್ರೆಯ ಆಕಾರ ಹಾಗೆಯೇ ಬಂದದ್ದು ನೋಡಿ ಗಾಬರಿಯಾಗುತ್ತಾರೆ, ಮದ್ದು ಹತ್ತಲೇ ಇಲ್ಲ ಎಂದು ಇನ್ನೊಂದು ನುಂಗುತ್ತಾರೆ. ಹಾಗೆ ಮಾಡಬೇಡಿ. ಅದು ಖಾಲಿ ಚಿಪ್ಪು. ಮದ್ದು ಒಳಗಿಂದ ಹೊರಬಂದು ಮೈಗೆ ಸೇರಿದೆ, ಹಿಡಿದಿಟ್ಟ ಅಂಟು ಮಾತ್ರ ಹೊರಬಿದ್ದಿದೆ. ಚೊಗರು ಬಿಟ್ಟ ಮೇಲೂ ಅಡಿಕೆಯ ಆಕಾರ ಹಂಡೆಯಲ್ಲಿ ಉಳಿಯುತ್ತದಲ್ಲ, ಹಾಗೆಯೇ.

ಮೂರನೆಯದು, ಮಾತ್ರೆಯ ಹೊತ್ತು, ಪ್ರಮಾಣವನ್ನು ನಾವೇ ಬದಲಿಸಬಾರದು. ಹಗಲಿನದ್ದನ್ನೂ ಸೇರಿಸಿ ಸಹರಿಗೆ ಎರಡು ನುಂಗುವವರಿದ್ದಾರೆ, ಇದು ಅಪಾಯ. 2001ರಲ್ಲಿ 13 ದೇಶಗಳ 12,243 ಮುಸ್ಲಿಂ ಮಧುಮೇಹಿಗಳ ಮೇಲೆ ನಡೆದ ಎಪಿಡಿಯಾರ್ ಅಧ್ಯಯನದಲ್ಲಿ, ಎರಡನೇ ಮಾದರಿಯ ಸಕ್ಕರೆ ಕಾಯಿಲೆಯವರಲ್ಲಿ ಸಕ್ಕರೆ ತೀರಾ ಇಳಿದು ಕಷ್ಟವಾದ ಪ್ರಸಂಗಗಳು ರಮಝಾನಿನಲ್ಲಿ ಉಳಿದ ತಿಂಗಳುಗಳಿಗಿಂತ 7.5 ಪಟ್ಟು ಹೆಚ್ಚು ಕಂಡವು. ಮೊದಲನೇ ಮಾದರಿಯವರಲ್ಲಿ 4.7 ಪಟ್ಟು. ಅಂತಾರಾಷ್ಟ್ರೀಯ ಮಧುಮೇಹ ಒಕ್ಕೂಟ ಸೇರಿ ಮಾಡಿದ ರಮಝಾನ್ ಮಾರ್ಗಸೂಚಿ, ನೋಂಬಿಗೆ ಆರರಿಂದ ಎಂಟು ವಾರ ಮುಂಚೆ ಡಾಕ್ಟರನ್ನು ಕಾಣಲು ಹೇಳುತ್ತದೆ. ಅಂದರೆ ರಜಬ್‌ನಲ್ಲೇ. ಚಂದ್ರ ಕಂಡ ರಾತ್ರಿ ಮೆಡಿಕಲ್ ಅಂಗಡಿಗೆ ಓಡಿದರೆ ಪ್ರಯೋಜನವಿಲ್ಲ.

ನಾಲ್ಕನೆಯದು, ಬೆರಳು ಚುಚ್ಚಿ ಸಕ್ಕರೆ ನೋಡಿದರೆ ನೋಂಬು ಮುರಿಯುವುದಿಲ್ಲ. ಸಕ್ಕರೆ 70ಕ್ಕಿಂತ ಕೆಳಗೆ ಇಳಿದರೆ, ಅಥವಾ 300ರ ಮೇಲೆ ಹೋದರೆ, ಅಥವಾ ಬೆವರು, ನಡುಕ, ತಲೆಸುತ್ತು ಬಂದರೆ ನೋಂಬು ಬಿಡಬೇಕು ಎಂದು ಅದೇ ಮಾರ್ಗಸೂಚಿ ಹೇಳುತ್ತದೆ. ಮಗ್ರಿಬ್‌ಗೆ ಇನ್ನು ಹತ್ತೇ ನಿಮಿಷ ಎಂದು ಸಹಿಸಿಕೊಂಡು ಕೂರುವುದು ತಖ್ವಾ ಅಲ್ಲ. ರೋಗಿಗೆ ಬೇರೆ ದಿನಗಳಲ್ಲಿ ನೋಂಬು ತುಂಬಿಸುವ ರಿಯಾಯಿತಿಯನ್ನು ಸೂರಃ ಅಲ್ ಬಖರದಲ್ಲಿ ಅಲ್ಲಾಹುವೇ ಕೊಟ್ಟಿದ್ದಾನೆ. ಗುಣವಾಗುವ ಆಸೆಯಿಲ್ಲದ ರೋಗಿಗೆ ಫಿದ್ಯಾ ಇದೆ. ಅವನು ಕೊಟ್ಟ ರಿಯಾಯಿತಿಯನ್ನು ಬೇಡ ಎನ್ನಲು ನಾವು ಯಾರು?

ಕೊನೆಗೆ ಮಕ್ಕಳ ಬಗ್ಗೆ ಒಂದು ಮಾತು. ಪಿಯುಸಿಯಲ್ಲಿ ವಿಜ್ಞಾನ ಓದಿದ ಮಕ್ಕಳನ್ನು ಮೆಡಿಕಲ್ ಸೀಟು ಸಿಗಲಿಲ್ಲ ಎಂದು ಬೈಯುವ ಮನೆಗಳು ನಮ್ಮಲ್ಲಿ ಬಹಳ. ಮದ್ದು ಬರೆಯುವವರ ಹಿಂದೆ, ಆ ಮದ್ದು ಹೇಳಿದ ಹಾಗೆ ಕರಗುತ್ತದೆಯೋ ಎಂದು ಗಾಜಿನ ಪಾತ್ರೆಯ ಮುಂದೆ ತಾಸುಗಟ್ಟಲೆ ಕೂತು ಅಂಕಿ ಬರೆಯುವವರು ಇದ್ದಾರೆ. ಅಂಕಿಯಲ್ಲಿ ಸುಳ್ಳು ಬರೆದರೆ ಯಾರಿಗೂ ಗೊತ್ತಾಗದ ಜಾಗ ಅದು, ಆದರೆ ಎಲ್ಲೋ ಒಬ್ಬ ಉಮ್ಮನ ಸಕ್ಕರೆ ಅದಕ್ಕೆ ಏರುಪೇರಾಗುತ್ತದೆ. ಅಲ್ಲಿಗೆ ಅಮಾನತ್ ಇರುವ ಮಕ್ಕಳು ಬೇಕು. ನಮ್ಮ ಮದ್ರಸಗಳಲ್ಲಿ ಅಮಾನತ್ ಕಲಿಸುತ್ತೇವೆ, ಕಾಲೇಜುಗಳಲ್ಲಿ ಅಳತೆ ಕಲಿಸುತ್ತಾರೆ. ಎರಡೂ ಒಬ್ಬ ಮಗುವಿನಲ್ಲಿ ಸೇರಿದರೆ ಅದೂ ಜನರಿಗೆ ಖಿದ್ಮತ್, ಇನ್ಶಾ ಅಲ್ಲಾಹ್.